ಇಂಗ್ಲಿಷ್ ತನ್ನ ‘ನೀನು’ವನ್ನು ಕಳೆದುಕೊಂಡ ಬಗೆ

ಶೇಕ್ಸ್‌ಪಿಯರನ ನಾಟಕ ಪಠ್ಯವಾಗಿರುವ ಹೈಸ್ಕೂಲು ಮಕ್ಕಳ ಮನೆಯಲ್ಲಿ, ಕಾನ್ವೆಂಟ್ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಹಳೆಯ ಇಂಗ್ಲಿಷ್ ಪದ್ಯವನ್ನು ಕನ್ನಡಕ್ಕೆ ತರಲು ಕೂತವರ ಎದುರಿನ ಹಾಳೆಯಲ್ಲಿ ಒಂದು ಪುಟ್ಟ ಪದ ಮತ್ತೆ ಮತ್ತೆ ಬರುತ್ತದೆ: ‘ದೌ’. ಅದರ ಬೆನ್ನಿಗೆ ‘ದೀ’, ‘ದೈ’, ‘ದೈನ್’ ಎಂಬ ಬಳಗ. ಇದೇನು ಎಂದು ಮಕ್ಕಳು ಕೇಳಿದರೆ ದೊಡ್ಡವರಿಂದ ಸಿಗುವ ಉತ್ತರ ಸಾಮಾನ್ಯವಾಗಿ ಎರಡು. ‘ಅದು ಹಳೇ ಕಾಲದ ಯೂ’ ಎನ್ನುವುದು ಒಂದು. ‘ದೇವರಿಗೆ, ರಾಜರಿಗೆ ಗೌರವ ಕೊಟ್ಟು ಮಾತಾಡುವ ರೀತಿ’ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಸರಿ. ಎರಡನೆಯದು ನಿಜಕ್ಕೆ ಪೂರ್ತಿ ಉಲ್ಟಾ.

‘ದೌ’ ಅಂದರೆ ‘ನೀನು’. ‘ಯೂ’ ಅಂದರೆ ‘ನೀವು’. ಇಂಗ್ಲಿಷರು ಒಂದು ಕಾಲದಲ್ಲಿ ನಮ್ಮ ಹಾಗೆಯೇ ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂದು ಅಳೆದು ಮಾತಾಡುತ್ತಿದ್ದರು. ಆಮೇಲೆ ಅವರ ಭಾಷೆಯಲ್ಲಿ ‘ನೀನು’ ಸವೆದು, ‘ನೀವು’ ಮಾತ್ರ ಉಳಿಯಿತು. ಇವತ್ತು ಇಂಗ್ಲಿಷಿನವರು ತೊಟ್ಟಿಲ ಕೂಸನ್ನೂ ಸಾಕಿದ ನಾಯಿಯನ್ನೂ ‘ನೀವು’ ಎಂದೇ ಮಾತಾಡಿಸುತ್ತಾರೆ, ಅದು ‘ನೀವು’ ಎಂಬ ಅರಿವು ಅವರಿಗಿಲ್ಲ ಅಷ್ಟೆ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಹಳೆಯ ಇಂಗ್ಲಿಷ್ ಸಾಹಿತ್ಯದ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಅದರಲ್ಲೂ ಕನ್ನಡದವರಿಗೆ ಇದು ಇಂದಿನ ಇಂಗ್ಲಿಷಿನವರಿಗಿಂತ ಬೇಗ ಹಿಡಿತಕ್ಕೆ ಸಿಗಬೇಕು, ಏಕೆಂದರೆ ಅವರು ಮರೆತದ್ದನ್ನು ನಾವು ದಿನವೂ ಬಳಸುತ್ತಿದ್ದೇವೆ.

ಬಳಗದಲ್ಲಿ ಯಾರು ಯಾರು

ಮೊದಲು ರೂಪಗಳನ್ನು ತಿಳಿದುಕೊಳ್ಳೋಣ. ‘ದೌ’ ಎಂದರೆ ನೀನು, ‘ದೀ’ ಎಂದರೆ ನಿನ್ನನ್ನು ಅಥವಾ ನಿನಗೆ, ‘ದೈ’ ಎಂದರೆ ನಿನ್ನ, ‘ದೈನ್’ ಎಂದರೆ ನಿನ್ನದು. ಮುಂದಿನ ಪದ ಸ್ವರದಿಂದ ಶುರುವಾದರೆ ‘ದೈ’ ಜಾಗದಲ್ಲೂ ‘ದೈನ್’ ಬರುತ್ತಿತ್ತು. ನಿನ್ನ ಕಣ್ಣುಗಳು ಎನ್ನಲು ‘ದೈನ್ ಐಸ್’ ಎಂದು ಹಳೆಯ ಕವಿಗಳು ಬರೆದದ್ದು ಇದರಿಂದ.

ಬಹುವಚನದ ಕಡೆಗೂ ಇಂಥದೇ ಜೋಡಿ ಇತ್ತು. ‘ನೀವು’ ಎನ್ನಲು ‘ಯೀ’, ‘ನಿಮ್ಮನ್ನು’ ಎನ್ನಲು ‘ಯೂ’. ಇವತ್ತು ಎಲ್ಲ ಕಡೆ ಓಡಾಡುವ ‘ಯೂ’ ಹುಟ್ಟಿನಲ್ಲಿ ಕರ್ಮಪದವಾಗಿತ್ತು, ಕ್ರಮೇಣ ಅದು ‘ಯೀ’ಯ ಜಾಗವನ್ನೂ ನುಂಗಿತು.

ಇನ್ನು ಕ್ರಿಯಾಪದ. ‘ನೀನು ಬಂದೆ’, ‘ನೀವು ಬಂದಿರಿ’ ಎಂದು ನಾವು ಕೊನೆಯನ್ನು ಬದಲಾಯಿಸುವಂತೆ ಇಂಗ್ಲಿಷಿನಲ್ಲೂ ‘ದೌ’ ಬಂದರೆ ಕ್ರಿಯಾಪದಕ್ಕೆ ‘ಎಸ್ಟ್’ ಅಥವಾ ಬರಿಯ ‘ಸ್ಟ್’, ‘ಟ್’ ಎಂಬ ಬಾಲ ಸೇರುತ್ತಿತ್ತು. ‘ಆರ್’ ಹೋಗಿ ‘ಆರ್ಟ್’, ‘ಹ್ಯಾವ್’ ಹೋಗಿ ‘ಹ್ಯಾಸ್ಟ್’, ‘ಡೂ’ ಹೋಗಿ ‘ಡಸ್ಟ್’, ‘ವಿಲ್’ ಹೋಗಿ ‘ವಿಲ್ಟ್’, ‘ಶಾಲ್’ ಹೋಗಿ ‘ಶಾಲ್ಟ್’, ‘ಲವ್’ ಹೋಗಿ ‘ಲವೆಸ್ಟ್’. ಹಾಗಾಗಿ ‘ದೌ ಆರ್ಟ್’ ಎಂದರೆ ‘ನೀನು ಇದ್ದೀಯ’, ಅಲ್ಲಿನ ‘ಆರ್ಟ್’ಗೂ ಕಲೆಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನ ಛಾಯೆ ಬೇಕೆಂದು ಕೆಲವರು ಎಲ್ಲ ಕ್ರಿಯಾಪದಕ್ಕೂ ‘ಎತ್’ ಅಂಟಿಸುತ್ತಾರೆ. ಅದು ಅವನು, ಅವಳು, ಅದು ಎಂಬವುಗಳ ಬಾಲ. ‘ದೌ ಗೋಯೆತ್’ ಎಂದು ಬರೆದರೆ ‘ನೀನು ಹೋಗುತ್ತಾನೆ’ ಎಂದಂತೆ.

ತ್ವಂ, ತೂ, ದೌ

ಈ ಪದ ಇಂಗ್ಲಿಷಿಗಿಂತಲೂ ಎಷ್ಟೋ ಹಳೆಯದು. ಸಂಸ್ಕೃತದ ‘ತ್ವಮ್’, ಲ್ಯಾಟಿನ್ನಿನ ‘ತೂ’, ಹಿಂದಿ ಮತ್ತು ಮರಾಠಿಯ ‘ತೂ’, ನಮ್ಮ ಕರಾವಳಿಯ ಕೊಂಕಣಿಗರ ‘ತೂಂ’, ಜರ್ಮನ್ನಿನ ‘ದು’ ಇವೆಲ್ಲ ಒಂದೇ ಬೇರಿನ ಚಿಗುರುಗಳು. ‘ದೌ’ ಕೂಡ ಅದೇ ಬೇರಿನದು. ಇಂಡೋ-ಯುರೋಪಿಯನ್ ಎಂದು ಪಂಡಿತರು ಕರೆಯುವ ಭಾಷಾ ಕುಟುಂಬದ ಅತಿ ಹಳೆಯ ಪದಗಳಲ್ಲಿ ಇದೂ ಒಂದು. ನಮ್ಮ ‘ನೀನು’ ದ್ರಾವಿಡ ಕುಟುಂಬದ್ದು, ತಮಿಳಿನ ‘ನೀ’ಗೆ ಒಡಹುಟ್ಟು. ಅದಕ್ಕೂ ‘ದೌ’ಗೂ ರಕ್ತಸಂಬಂಧವಿಲ್ಲ.

‘ತ’ಕಾರ ಹೋಗಿ ‘ದ’ಕಾರ ಬಂದದ್ದು ಹೇಗೆ? ಇಂಗ್ಲಿಷ್, ಜರ್ಮನ್ ಭಾಷೆಗಳ ಪೂರ್ವಜ ಭಾಷೆಯಲ್ಲಿ ಮೂಲದ ‘ತ’ ಧ್ವನಿ ನಾಲಗೆಯನ್ನು ಹಲ್ಲಿಗೆ ತಾಗಿಸಿ ಉಸಿರು ಬಿಡುವ ಧ್ವನಿಯಾಗಿ ಬದಲಾಯಿತು. ಸಂಸ್ಕೃತದ ‘ತ್ರಿ’ ಮತ್ತು ಇಂಗ್ಲಿಷಿನ ‘ಥ್ರೀ’, ತೆಳ್ಳಗೆ ಎಂಬರ್ಥದ ‘ತನು’ ಮತ್ತು ‘ಥಿನ್’, ‘ತೃಷೆ’ ಮತ್ತು ‘ಥರ್ಸ್ಟ್’ ಇವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕ್ರಮ ಕಾಣುತ್ತದೆ. ಇದನ್ನು ನಿಯಮವಾಗಿ 1822ರಲ್ಲಿ ವಿವರಿಸಿದವನು ಯಾಕೋಬ್ ಗ್ರಿಮ್, ತಮ್ಮನೊಡನೆ ಜಾನಪದ ಕಥೆಗಳನ್ನು ಸಂಗ್ರಹಿಸಿದ ಅದೇ ಗ್ರಿಮ್.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ಉಚ್ಚಾರ ಸುಮಾರಾಗಿ ‘ಥೂ’ ಎಂದಿತ್ತು. ವಾಕ್ಯದಲ್ಲಿ ಒತ್ತು ಬೀಳದ ಪದವಾದ್ದರಿಂದ ಮೊದಲ ಧ್ವನಿ ಮೆತ್ತಗಾಗಿ ‘ದೂ’ ಆಯಿತು. ಆಮೇಲೆ, ಸರಿಸುಮಾರು 15ನೇ ಶತಮಾನದಿಂದ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸಿದಾಗ ‘ಮೂಸ್’ ಹೋಗಿ ‘ಮೌಸ್’, ‘ಊಟ್’ ಹೋಗಿ ‘ಔಟ್’, ‘ನೂ’ ಹೋಗಿ ‘ನೌ’ ಆದಂತೆ ‘ದೂ’ ಹೋಗಿ ‘ದೌ’ ಆಯಿತು.

ಸಾವಿರ ವರ್ಷದ ಹಿಂದಿನ ಆ ಇಂಗ್ಲಿಷಿನಲ್ಲಿ ಮೂರನೆಯ ರೂಪವೂ ಇತ್ತು. ‘ಯಿಟ್’ ಎಂದರೆ ನೀವಿಬ್ಬರು. ಸಂಸ್ಕೃತದ ದ್ವಿವಚನದಂಥದು. 13ನೇ ಶತಮಾನದ ಹೊತ್ತಿಗೆ ಅದು ಮರೆಯಾಯಿತು.

ಇಲ್ಲಿ ಗಮನಿಸಬೇಕಾದದ್ದು: ಈ ಹಂತದಲ್ಲಿ ಗೌರವದ ಪ್ರಶ್ನೆಯೇ ಇಲ್ಲ. ಎದುರಿಗೆ ಒಬ್ಬನಿದ್ದರೆ ‘ದೌ’, ಹೆಚ್ಚು ಜನರಿದ್ದರೆ ‘ಯೀ’. ರಾಜನೊಬ್ಬನೇ ನಿಂತಿದ್ದರೆ ಅವನಿಗೂ ‘ದೌ’.

ಒಬ್ಬರಿಗೆ ಬಹುವಚನ

ಒಬ್ಬ ವ್ಯಕ್ತಿಯನ್ನು ಬಹುವಚನದಲ್ಲಿ ಕರೆಯುವ ಪದ್ಧತಿ ಇಂಗ್ಲೆಂಡಿಗೆ ಹೊರಗಿನಿಂದ ಬಂತು. ಅದರ ಮೂಲ ರೋಮ್ ಸಾಮ್ರಾಜ್ಯದ ಕೊನೆಗಾಲದ್ದು ಎನ್ನುತ್ತಾರೆ. 4ನೇ ಶತಮಾನದಲ್ಲಿ ಚಕ್ರವರ್ತಿಯನ್ನು ಲ್ಯಾಟಿನ್ನಿನ ಬಹುವಚನ ‘ವೋಸ್’ನಿಂದ ಸಂಬೋಧಿಸುವುದು ಶುರುವಾಯಿತು. ಆಗ ಪೂರ್ವಕ್ಕೊಬ್ಬ, ಪಶ್ಚಿಮಕ್ಕೊಬ್ಬ ಚಕ್ರವರ್ತಿ ಇದ್ದದ್ದರಿಂದ, ಒಬ್ಬನಿಗೆ ಹೇಳಿದ ಮಾತು ಇಬ್ಬರಿಗೂ ಸಂದಂತೆ ಎಂಬ ಭಾವ ಇದಕ್ಕೆ ಕಾರಣವಿರಬಹುದು ಎಂಬುದು ಒಂದು ವಾದ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಬರೆದ, ಈಗಲೂ ಈ ವಿಷಯಕ್ಕೆ ಬುನಾದಿಯಾಗಿರುವ ಪ್ರಬಂಧದಲ್ಲಿ ಈ ವಿವರಣೆ ಇದೆ.

ಚಕ್ರವರ್ತಿಯಿಂದ ಅದು ಸಾಮಂತರಿಗೆ, ಪಾದ್ರಿಗಳಿಗೆ, ಮನೆಯ ಹಿರಿಯರಿಗೆ ಇಳಿಯಿತು. ಫ್ರೆಂಚಿನಲ್ಲಿ ‘ತ್ಯು’ ಮತ್ತು ‘ವೂ’ ಎಂಬ ಜೋಡಿ ನೆಲೆಯಾಯಿತು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ, ನ್ಯಾಯಾಲಯದ, ಶ್ರೀಮಂತರ ಮನೆಗಳ ಭಾಷೆ ಫ್ರೆಂಚ್ ಆಯಿತು. ಅವರ ನಯನಾಜೂಕು ನಿಧಾನವಾಗಿ ಇಂಗ್ಲಿಷಿಗೂ ಹತ್ತಿಕೊಂಡು, 13ನೇ ಶತಮಾನದಿಂದ ಒಬ್ಬರಿಗೇ ‘ಯೀ’, ‘ಯೂ’ ಎನ್ನುವುದು ಬರಹಗಳಲ್ಲಿ ಕಾಣತೊಡಗುತ್ತದೆ. 14ನೇ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಬರೆಯುವ ಹೊತ್ತಿಗೆ ಎರಡೂ ಪಕ್ಕಪಕ್ಕದಲ್ಲಿ ಬಳಕೆಯಲ್ಲಿದ್ದವು.

ಹೀಗೆ ಬಂದ ಕಟ್ಟಳೆಯನ್ನು ಕನ್ನಡದವರಿಗೆ ವಿವರಿಸುವುದೇ ಬೇಡ. ದೊಡ್ಡವರು ಚಿಕ್ಕವರಿಗೆ, ಯಜಮಾನ ಆಳಿಗೆ, ಅಪ್ಪ ಮಗನಿಗೆ ‘ದೌ’. ಆ ಕಡೆಯಿಂದ ಮೇಲಕ್ಕೆ ‘ಯೂ’. ಶ್ರೀಮಂತರು ತಮ್ಮತಮ್ಮಲ್ಲಿ ‘ಯೂ’, ಕೂಲಿಯವರು ತಮ್ಮತಮ್ಮಲ್ಲಿ ‘ದೌ’. ಪ್ರೇಮಿಗಳ ಏಕಾಂತದಲ್ಲಿ ‘ದೌ’. ನಮ್ಮಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಎನ್ನುವ ಮನೆಗಳಿವೆಯಲ್ಲ, ಹಾಗೆ ಸಲಿಗೆಯೂ ಅಂತಸ್ತೂ ಒಂದರೊಳಗೊಂದು ಹೆಣೆದುಕೊಂಡೇ ಇದ್ದವು.

ಏಕವಚನದ ಏಟು

ವಿಧಾನಸಭೆಯಲ್ಲಿ ಜಗಳ ಕಾವೇರಿದಾಗ ‘ಏಕವಚನದಲ್ಲಿ ಮಾತಾಡಬೇಡಿ’ ಎಂಬ ಕೂಗು ಏಳುವುದನ್ನು ನಾವು ಕೇಳಿದ್ದೇವೆ. ಇಂಗ್ಲಿಷಿನಲ್ಲಿ ಇದಕ್ಕೆಂದೇ ಕ್ರಿಯಾಪದವಿತ್ತು. ‘ಟು ದೌ’ ಎಂದರೆ ಒಬ್ಬರನ್ನು ಏಕವಚನದಲ್ಲಿ ಮಾತಾಡಿಸುವುದು.

1603ರ ನವೆಂಬರಿನಲ್ಲಿ ವಿಂಚೆಸ್ಟರ್‌ನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ರಾಲಿ ಸಾಮಾನ್ಯನಲ್ಲ. ನಾವಿಕ, ಕವಿ, ಎಲಿಜಬೆತ್ ರಾಣಿಯ ಮೆಚ್ಚಿನವನಾಗಿದ್ದವನು. ಸರ್ಕಾರದ ಪರವಾಗಿ ವಾದಿಸುತ್ತಿದ್ದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್. ವಾದದ ನಡುವೆ ಕೋಕ್ ರಾಲಿಯನ್ನು ವಿಷಸರ್ಪ ಎಂದು ಜರೆದು, ‘ಐ ದೌ ದೀ, ದೌ ಟ್ರೇಟರ್’ ಎಂದು ಗುಡುಗಿದ. ‘ನಿನ್ನನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತೇನೆ ಕಣೋ, ದ್ರೋಹಿ’ ಎಂದ ಹಾಗೆ. ‘ಸರ್’ ಎಂಬ ಬಿರುದು ಹೊತ್ತವನಿಗೆ ತುಂಬಿದ ಸಭೆಯಲ್ಲಿ ‘ದೌ’ ಎಂದದ್ದು ಸಾಲದು ಎಂಬಂತೆ, ತಾನು ಹಾಗೆ ಅನ್ನುತ್ತಿದ್ದೇನೆ ಎಂದು ಎತ್ತಿಯೂ ಹೇಳಿದ. ಇಂದಿನ ಇಂಗ್ಲಿಷಿನಲ್ಲಿ ಆ ಮಾತನ್ನು ತಿರುಗಿ ಹೇಳುವ ದಾರಿಯೇ ಇಲ್ಲ. ಕನ್ನಡದಲ್ಲಿ ಸಲೀಸಾಗಿ ಬರುತ್ತದೆ.

ಅದೇ ಆಸುಪಾಸಿನ ವರ್ಷಗಳಲ್ಲಿ ಶೇಕ್ಸ್‌ಪಿಯರ್ ಬರೆದ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ ಎಂಬವನು ಗೆಳೆಯನಿಗೆ ಕಾಲುಕೆರೆದು ಜಗಳಕ್ಕೆ ಕರೆಯುವ ಪತ್ರ ಬರೆಯುವುದನ್ನು ಹೇಳಿಕೊಡುತ್ತಾನೆ. ಎದುರಾಳಿಗೆ ಒಂದು ಮೂರು ಸಲ ‘ದೌ’ ಅಂದುಬಿಡು, ತಪ್ಪೇನಿಲ್ಲ ಎನ್ನುತ್ತಾನೆ. ಅಷ್ಟು ಸಾಕು, ಕತ್ತಿ ಹಿರಿಯಲು.

ಈ ಕೀಲಿಕೈ ಹಿಡಿದು ‘ಹ್ಯಾಮ್ಲೆಟ್’ ನಾಟಕದ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಹ್ಯಾಮ್ಲೆಟನ ತಂದೆ ಸತ್ತಿದ್ದಾನೆ. ತಾಯಿ ಗರ್ಟ್ರೂಡ್ ಗಂಡನ ತಮ್ಮನನ್ನು ಮದುವೆಯಾಗಿದ್ದಾಳೆ. ಮಗನನ್ನು ತನ್ನ ಕೋಣೆಗೆ ಕರೆಸಿ ಗದರಿಸಲು ತೊಡಗುತ್ತಾಳೆ. ಅವಳ ಮೊದಲ ಮಾತು: ‘ಹ್ಯಾಮ್ಲೆಟ್, ನೀನು ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀಯ.’ ತಾಯಿಯ ಸಲಿಗೆಯ ‘ದೌ’. ಇಲ್ಲಿ ತಂದೆ ಎಂದರೆ ಹೊಸ ಗಂಡ. ಹ್ಯಾಮ್ಲೆಟ್ ತಿರುಗಿಸಿ ಕೊಡುತ್ತಾನೆ: ‘ಅಮ್ಮ, ನೀವು ನನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀರಿ.’ ಅವಳದೇ ವಾಕ್ಯ, ಅದೇ ಪದಗಳು. ‘ದೌ’ ಜಾಗದಲ್ಲಿ ‘ಯೂ’, ‘ನಿನ್ನ’ ಜಾಗದಲ್ಲಿ ‘ನನ್ನ’. ಅವನ ಪಾಲಿಗೆ ತಂದೆ ಸತ್ತ ದೊರೆಯೊಬ್ಬನೇ. ಮಗ ತಾಯಿಗೆ ‘ಯೂ’ ಅನ್ನುವುದು ರೀತಿಯೇ, ಆದರೆ ಈ ಗಳಿಗೆಯಲ್ಲಿ ಅದು ತಣ್ಣನೆಯ ದೂರ. ಗರ್ಟ್ರೂಡಳಿಗೆ ಅದು ತಾಗುತ್ತದೆ. ಮರುಮಾತಿನಲ್ಲೇ ಅವಳೂ ‘ಯೂ’ಗೆ ಬದಲಾಗುತ್ತಾಳೆ: ‘ಇದೇನು, ಹುರುಳಿಲ್ಲದ ನಾಲಗೆಯಲ್ಲಿ ಉತ್ತರ ಕೊಡುತ್ತಿದ್ದೀರಿ.’ ಮಗನನ್ನು ‘ನೀವು’ ಎಂದು ಕರೆಯುವ ತಾಯಿ ಎಷ್ಟು ಮುನಿದಿರಬೇಕು ಎಂಬುದು ನಮಗೆ ಕೂಡಲೇ ಗೊತ್ತಾಗುತ್ತದೆ. ಮೂರು ಸಾಲಿನಲ್ಲಿ ಒಂದು ಸಂಬಂಧ ಬಿರುಕು ಬಿಡುವುದು ಕೇವಲ ಸರ್ವನಾಮದಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಶೇಕ್ಸ್‌ಪಿಯರನಲ್ಲಿ ಇದಕ್ಕಿಂತ ಚೊಕ್ಕ ಉದಾಹರಣೆ ಇಲ್ಲ.

‘ಕಿಂಗ್ ಲಿಯರ್’ನಲ್ಲಿ ಮುದಿ ದೊರೆ ತನ್ನ ಕಿರಿಮಗಳನ್ನು ಹೊರಹಾಕುವಾಗ ನಿಷ್ಠಾವಂತ ಸರದಾರ ಕೆಂಟ್ ಅಡ್ಡಬರುತ್ತಾನೆ. ವಿನಯದ ಮಾತುಗಳು ಫಲಿಸದೆ ಹೋದಾಗ ಅವನ ಬಾಯಿಂದ ಬರುವ ಮಾತು: ‘ಏನು ಮಾಡಲು ಹೊರಟಿದ್ದೀಯ, ಮುದುಕಾ?’ ದೊರೆಗೆ ‘ದೌ’, ಮೇಲೆ ‘ಮುದುಕಾ’. ಅಂದಿನ ಪ್ರೇಕ್ಷಕರು ಬೆಚ್ಚಿರಲೇಬೇಕು. ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಇದು ಪ್ರೀತಿಯ ದಿಕ್ಕಿಗೆ ತಿರುಗುತ್ತದೆ. ಮೊದಲ ಭೇಟಿಯಲ್ಲಿ ಜೂಲಿಯೆಟ್ ಅವನಿಗೆ ‘ಯೂ’ ಎನ್ನುತ್ತಾಳೆ, ಅದೇ ರಾತ್ರಿ ಉಪ್ಪರಿಗೆಯ ಮೇಲೆ ನಿಂತಾಗ ‘ದೌ’.

ಎದುರಿಗಿಲ್ಲದವರಿಗೆ, ಸತ್ತವರಿಗೆ, ಭೂತಕ್ಕೆ, ಜೀವವಿಲ್ಲದ ವಸ್ತುವಿಗೆ ಕೂಡ ‘ದೌ’ ಸಲ್ಲುತ್ತಿತ್ತು. ಗಾಳಿಯಲ್ಲಿ ತೇಲುವ ಕಠಾರಿಯನ್ನು ಕಂಡ ಮ್ಯಾಕ್‌ಬೆತ್ ಅದನ್ನು ‘ದೀ’ ಎಂದೇ ಕರೆಯುತ್ತಾನೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಶೇಕ್ಸ್‌ಪಿಯರನ ಕಾಲಕ್ಕಾಗಲೇ ಕಟ್ಟಳೆ ಸಡಿಲವಾಗಿತ್ತು. ಛಂದಸ್ಸಿಗಾಗಿ, ಪ್ರಾಸಕ್ಕಾಗಿ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ ಪಾತ್ರಗಳು ಎರಡರ ನಡುವೆ ಓಡಾಡುತ್ತವೆ. ಪ್ರತಿಯೊಂದು ‘ದೌ’ದಲ್ಲೂ ಗೂಢಾರ್ಥ ಹುಡುಕಬಾರದು. ಬದಲಾವಣೆ ತಟ್ಟನೆ ಆದಾಗ, ಅದೂ ಮಾತು ಬಿಸಿಯಾದಾಗ, ನಿಂತು ನೋಡಬೇಕು.

ಎಲ್ಲರಿಗೂ ‘ನೀನು’ ಎಂದವರು

17ನೇ ಶತಮಾನದ ನಡುವೆ, ಅಂತರ್ಯುದ್ಧದಿಂದ ನಲುಗಿದ್ದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಪಂಥ ಹುಟ್ಟಿತು. ಜಾರ್ಜ್ ಫಾಕ್ಸ್ ಅದರ ಮುಂದಾಳು. ದೇವರ ಬೆಳಕು ಪ್ರತಿಯೊಬ್ಬರಲ್ಲೂ ಇದೆ, ಹಾಗಾಗಿ ಮನುಷ್ಯ ಮನುಷ್ಯನ ಮುಂದೆ ಟೋಪಿ ತೆಗೆಯಬೇಕಿಲ್ಲ, ಬಗ್ಗಬೇಕಿಲ್ಲ ಎಂದ ಆತ, ಮಾತಿಗೂ ಅದೇ ನಿಯಮ ತಂದ. ಬಡವ ಬಲ್ಲಿದ ಎನ್ನದೆ ಪ್ರತಿ ಒಬ್ಬರಿಗೂ ‘ದೌ’.

ಇದಕ್ಕೆ ಅವರು ಕೊಟ್ಟ ಕಾರಣ ಎರಡು. ಒಬ್ಬನೇ ಇರುವಾಗ ‘ನೀವು’ ಎನ್ನುವುದು ಸುಳ್ಳು, ಇದು ಮೊದಲನೆಯದು. ಅದು ಹಿರಿಯರೆನಿಸಿಕೊಂಡವರ ಅಹಂಕಾರವನ್ನು ಉಬ್ಬಿಸುವ ಮುಖಸ್ತುತಿ, ಇದು ಎರಡನೆಯದು. ಲೋಕದ ಹತ್ತಾರು ಭಾಷೆಗಳಲ್ಲಿ ಒಬ್ಬನಿಗೆ ಏಕವಚನವೇ ಇದೆ ಎಂದು ತೋರಿಸಲು ಫಾಕ್ಸ್ ತನ್ನ ಜೊತೆಗಾರರೊಂದಿಗೆ 1660ರಲ್ಲಿ ಒಂದು ಪುಸ್ತಕವನ್ನೇ ಹೊರತಂದ.

ಇದನ್ನು ಪಾಲಿಸುವುದು ಸುಲಭವಿರಲಿಲ್ಲ. ಥಾಮಸ್ ಎಲ್‌ವುಡ್ ಎಂಬ ಆಕ್ಸ್‌ಫರ್ಡ್‌ಶೈರ್ ಯುವಕ, ಮುಂದೆ ಕವಿ ಮಿಲ್ಟನನ ಒಡನಾಡಿಯಾದವನು, ಆ ಸುಮಾರಿಗೆ ಕ್ವೇಕರ್ ಆದ. ಅಪ್ಪನ ಮುಂದೆ ಟೋಪಿ ತೆಗೆಯದೆ ನಿಂತು ಅಪ್ಪನನ್ನೇ ‘ದೌ’ ಎಂದ. ಮಗನ ಟೋಪಿಗಳನ್ನು ಕಿತ್ತುಕೊಂಡು ಹೊಡೆದ ತಂದೆ, ಇನ್ನೊಮ್ಮೆ ಆ ಪದ ನನಗೆ ಬಳಸಿದರೆ ಹಲ್ಲುದುರಿಸುತ್ತೇನೆ ಎಂದು ಅಬ್ಬರಿಸಿದ್ದನ್ನು ಎಲ್‌ವುಡ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಒಂದು ಸರ್ವನಾಮಕ್ಕಾಗಿ ಏಟು ತಿಂದ ಇಂಥವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಅವರ ತರ್ಕ ಒಪ್ಪುವುದು ಬಿಡುವುದು ಬೇರೆ ಮಾತು.

ಕ್ವೇಕರನಾಗಿದ್ದ ವಿಲಿಯಂ ಪೆನ್ 1681ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಸಾಹತಿನ ಸನ್ನದು ಪಡೆದ ಮೇಲೆ ಈ ಮಾತಿನ ರೀತಿ ಕಡಲು ದಾಟಿತು. ಅಲ್ಲಿನ ಕ್ವೇಕರರ ಬಾಯಲ್ಲಿ ಮುಂದೆ ‘ದೌ ಆರ್ಟ್’ ಹೋಗಿ ‘ದೀ ಈಸ್’ ಆಯಿತು. ವ್ಯಾಕರಣದ ಕಣ್ಣಿಗೆ ತಪ್ಪು, ಆದರೆ ಮನೆಯೊಳಗಿನ ಆಪ್ತ ಮಾತಾಗಿ ಕೆಲವು ಕುಟುಂಬಗಳಲ್ಲಿ 20ನೇ ಶತಮಾನದವರೆಗೂ ಅದು ಬಾಳಿತು.

ಮರೆಯಾದದ್ದು ಏಕೆ

1700ರ ಹೊತ್ತಿಗೆ ಲಂಡನ್ನಿನ ಓದುಬರಹ ಬಲ್ಲವರ ಮಾತಿನಿಂದ ‘ದೌ’ ಬಹುಮಟ್ಟಿಗೆ ಹೊರಟುಹೋಗಿತ್ತು. 1762ರಲ್ಲಿ ರಾಬರ್ಟ್ ಲೌತ್ ಬರೆದ ಹೆಸರಾಂತ ವ್ಯಾಕರಣ, ಸಲಿಗೆಯ ಮಾತಿನಲ್ಲೂ ‘ದೌ’ ಬಳಕೆ ತಪ್ಪಿದೆ, ಅದರ ಬದಲು ‘ಯೂ’ ಬಂದಿದೆ ಎಂದು ದಾಖಲಿಸುತ್ತದೆ.

ಒಂದೇ ಕಾರಣ ಹೇಳಲು ಬರುವುದಿಲ್ಲ. ಬಹುತೇಕ ವಿದ್ವಾಂಸರು ಮೊದಲು ಹೇಳುವುದು ಪೇಟೆಯ ಬದುಕನ್ನು. ಊರಿನಲ್ಲಿ ಯಾರು ಯಾರಿಗೆ ಏನು ಎಂಬುದು ಎಲ್ಲರಿಗೂ ಗೊತ್ತು. ಲಂಡನ್ನಿನಂಥ ಬೆಳೆಯುವ ನಗರದಲ್ಲಿ ಎದುರಿಗೆ ಬಂದವನ ಅಂತಸ್ತು ಬಟ್ಟೆ ನೋಡಿ ಹೇಳಲಾಗದು. ನಿನ್ನೆಯ ಕುಶಲಕರ್ಮಿ ಇಂದು ದೊಡ್ಡ ವ್ಯಾಪಾರಿ. ‘ಯೂ’ ಎಂದರೆ ಹೆಚ್ಚೆಂದರೆ ಸ್ವಲ್ಪ ಗೌರವ ಜಾಸ್ತಿಯಾಯಿತು, ‘ದೌ’ ಎಂದು ತಪ್ಪಿದರೆ ಜಗಳ. ಅನುಮಾನವಿದ್ದಲ್ಲಿ ಜನ ‘ಯೂ’ ಹಿಡಿದರು, ಅನುಮಾನ ಎಲ್ಲೆಲ್ಲೂ ಇತ್ತು. ಬೆಂಗಳೂರಿನ ಅಂಗಡಿಯಲ್ಲಿ ಗುರುತಿಲ್ಲದ ಹುಡುಗನಿಗೂ ‘ಕೊಡಿ, ಹೇಳಿ’ ಎನ್ನುವುದು ನಮಗೆ ರೂಢಿಯಾಗಿರುವುದು ಇದೇ ಲೆಕ್ಕಾಚಾರದಿಂದ.

ಕ್ವೇಕರರು ಹಟ ಹಿಡಿದು ಬಳಸಿದ್ದರಿಂದ ‘ದೌ’ಗೆ ಪಂಥದ ಮುದ್ರೆ ಬಿತ್ತು, ತಾನು ಕ್ವೇಕರ್ ಅಲ್ಲ ಎಂದು ತೋರಿಸಿಕೊಳ್ಳಲು ಉಳಿದವರು ಅದರಿಂದ ದೂರ ಸರಿದರು ಎಂಬುದೂ ಒಂದು ಕಾರಣವಾಗಿ ಕೇಳಿಬರುತ್ತದೆ. ‘ಹ್ಯಾಸ್ಟ್’, ‘ಡಿಡ್ಸ್ಟ್’ಗಳಂಥ ನಾಲಗೆ ಹೊರಳದ ಬಾಲಗಳೂ ಸೇರಿರಬಹುದು.

ಇಂಗ್ಲಿಷ್ ಒಂದೇ ಹೀಗಾಗಲಿಲ್ಲ. ನೆರೆಯ ಡಚ್ ಭಾಷೆಯ ಶಿಷ್ಟ ರೂಪವೂ ತನ್ನ ಹಳೆಯ ‘ದು’ವನ್ನು ಬಿಟ್ಟುಕೊಟ್ಟಿತು. ಸ್ವೀಡನ್ನಿನಲ್ಲಿ ಆದದ್ದು ಇದಕ್ಕೆ ವಿರುದ್ಧ. 1967ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ತನ್ನ ಸಿಬ್ಬಂದಿಗೆಲ್ಲ ‘ದು’ ಎನ್ನುವುದಾಗಿ ಹೇಳಿದ್ದು ದೊಡ್ಡ ಸುದ್ದಿಯಾಯಿತು, ಕೆಲವೇ ವರ್ಷಗಳಲ್ಲಿ ಇಡೀ ದೇಶ ಪರಸ್ಪರ ಏಕವಚನಕ್ಕೆ ಇಳಿಯಿತು. ಇಂಗ್ಲಿಷಿನವರು ಎಲ್ಲರನ್ನೂ ‘ನೀವು’ ಎಂದು, ಸ್ವೀಡನ್ನಿನವರು ಎಲ್ಲರನ್ನೂ ‘ನೀನು’ ಎಂದು ಒಂದೇ ಸಮತಲಕ್ಕೆ ಬಂದರು.

ಹೀಗೆ ‘ದೌ’ ಹೋದದ್ದರಿಂದ ಒಂದು ತೊಡಕು ಹುಟ್ಟಿತು. ಈಗ ‘ಯೂ’ ಎಂದರೆ ಒಬ್ಬರೋ ಹಲವರೋ ತಿಳಿಯದು. 18ನೇ ಶತಮಾನದಲ್ಲಿ ಒಬ್ಬನಿಗೆ ‘ಯೂ ವಾಸ್’, ಹಲವರಿಗೆ ‘ಯೂ ವರ್’ ಎಂದು ಜನ ತಾವಾಗಿಯೇ ದಾರಿ ಮಾಡಿಕೊಂಡಿದ್ದರು. ಅದು ಘೋರ ತಪ್ಪು ಎಂದು ಲೌತ್ ಖಂಡಿಸಿದ. ಅಮೆರಿಕದ ದಕ್ಷಿಣದವರು ‘ಯಾಲ್’ ಎಂದು, ಪಿಟ್ಸ್‌ಬರ್ಗಿನವರು ‘ಯಿನ್ಸ್’ ಎಂದು, ಐರ್ಲೆಂಡಿನ ಹಲವು ಕಡೆ ‘ಯೂಸ್’ ಎಂದು, ಈಚಿನವರು ‘ಯೂ ಗೈಸ್’ ಎಂದು ಹೊಸ ಬಹುವಚನ ಕಟ್ಟಿಕೊಂಡಿರುವುದು ಆ ಖಾಲಿ ಜಾಗ ತುಂಬಲಿಕ್ಕೆ.

ದೇವರಿಗೆ ಏಕವಚನ

ಹಾಗಾದರೆ ‘ದೌ’ ಎಂದರೆ ಭಕ್ತಿಯ ಪದ ಎಂಬ ಭಾವನೆ ಎಲ್ಲಿಂದ ಬಂತು? 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್ಲಿನಿಂದ, ಅದಕ್ಕೂ ಹಿಂದೆ 1549ರಲ್ಲಿ ಬಂದ ಇಂಗ್ಲೆಂಡ್ ಚರ್ಚಿನ ಪ್ರಾರ್ಥನಾ ಪುಸ್ತಕದಿಂದ.

ಬೈಬಲ್ಲಿನ ಅನುವಾದಕರು ಗೌರವ ಅಗೌರವ ಯೋಚಿಸಲಿಲ್ಲ. ಮೂಲದ ಹೀಬ್ರೂ ಮತ್ತು ಗ್ರೀಕಿನಲ್ಲಿ ಏಕವಚನವಿದ್ದಲ್ಲಿ ‘ದೌ’, ಬಹುವಚನವಿದ್ದಲ್ಲಿ ‘ಯೀ’ ಎಂದು ಲೆಕ್ಕಕ್ಕೆ ಸರಿಯಾಗಿ ಇಟ್ಟರು. ಹಾಗಾಗಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’. ಇದರ ಲಾಭ ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಕಾಣುತ್ತದೆ. ಯೇಸು ಪೇತ್ರನಿಗೆ, ಸೈತಾನನು ‘ನಿಮ್ಮನ್ನು’ ಗೋಧಿಯಂತೆ ಜರಡಿ ಹಿಡಿಯಲು ಕೇಳಿದ್ದಾನೆ, ಆದರೆ ನಾನು ‘ನಿನಗಾಗಿ’ ಬೇಡಿಕೊಂಡಿದ್ದೇನೆ ಎನ್ನುತ್ತಾನೆ. ಕಷ್ಟ ಶಿಷ್ಯರೆಲ್ಲರಿಗೂ, ಬೇಡಿಕೆ ಪೇತ್ರನೊಬ್ಬನಿಗೆ. 1611ರ ಇಂಗ್ಲಿಷಿನಲ್ಲಿ ಇದು ಸ್ಪಷ್ಟ. ಎರಡೂ ಕಡೆ ‘ಯೂ’ ಎಂದು ಬರೆಯುವ ಇಂದಿನ ಇಂಗ್ಲಿಷಿನಲ್ಲಿ ಅಡಿಟಿಪ್ಪಣಿ ಬೇಕಾಗುತ್ತದೆ.

ಬೀದಿಯ ಮಾತಿನಿಂದ ‘ದೌ’ ಹೋದ ಮೇಲೂ ಚರ್ಚಿನಲ್ಲಿ ವಾರವಾರ ಇದೇ ಪಠ್ಯ ಕೇಳುತ್ತಿತ್ತು, ಮದುವೆಯಲ್ಲಿ ಉಂಗುರ ತೊಡಿಸುವಾಗ ‘ಐ ದೀ ವೆಡ್’ ಎಂಬ ಮಾತು ಬರುತ್ತಿತ್ತು. ಬೇರೆಲ್ಲೂ ಕೇಳದ ಪದ ದೇವರ ಮುಂದೆ ಮಾತ್ರ ಕೇಳಿದರೆ ಅದು ದೇವರಿಗೇ ಮೀಸಲು ಎನಿಸುವುದು ಸಹಜ. 1952ರಲ್ಲಿ ಪೂರ್ಣಗೊಂಡ ಪರಿಷ್ಕೃತ ಬೈಬಲ್ ಮನುಷ್ಯರಿಗೆಲ್ಲ ‘ಯೂ’ ಮಾಡಿ, ದೇವರನ್ನು ಸಂಬೋಧಿಸುವಾಗ ಮಾತ್ರ ‘ದೌ’ ಉಳಿಸಿಕೊಂಡಿತು. ತಪ್ಪು ತಿಳಿವಳಿಕೆಗೆ ಮೊಹರು ಬಿದ್ದಂತಾಯಿತು. 1989ರ ಆವೃತ್ತಿಯಲ್ಲಿ ಅದನ್ನೂ ತೆಗೆದರು.

ದೇವರಿಗೆ ಏಕವಚನ ಎಂದರೆ ನಮಗೆ ಅಚ್ಚರಿಯಿಲ್ಲ. ‘ನೀನೊಲಿದರೆ ಕೊರಡು ಕೊನರುವುದಯ್ಯಾ’ ಎಂದ ಬಸವಣ್ಣನಿಗೆ, ‘ನೀನ್ಯಾಕೋ ನಿನ್ನ ಹಂಗ್ಯಾಕೋ’ ಎಂದ ಪುರಂದರದಾಸರಿಗೆ ದೇವರು ‘ನೀವು’ ಎನ್ನುವಷ್ಟು ದೂರದವನಲ್ಲ. ಕನ್ನಡ ಬೈಬಲ್ಲಿನಲ್ಲೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾದ ಪ್ರಾರ್ಥನೆ ‘ನಿನ್ನ ನಾಮವು’ ಎಂದೇ ಮುಂದುವರಿಯುತ್ತದೆ.

19ನೇ ಶತಮಾನದ ಇಂಗ್ಲಿಷ್ ಕವಿಗಳು ಈ ಪದವನ್ನು ಬೈಬಲ್ಲಿನಿಂದ ಮತ್ತು ಹಳೆಯ ಕಾವ್ಯದಿಂದ ಎತ್ತಿಕೊಂಡರು. ಶೆಲ್ಲಿ ಬಾನಾಡಿಗೆ ‘ದೀ’ ಎಂದ, ಕೀಟ್ಸ್ ಗ್ರೀಕ್ ಕಲಶಕ್ಕೆ ‘ದೌ’ ಎಂದ. ಆ ಧಾಟಿಯೇ ರವೀಂದ್ರನಾಥ ಟ್ಯಾಗೋರರ ಇಂಗ್ಲಿಷಿಗೂ ಬಂತು. 1912ರ ಇಂಗ್ಲಿಷ್ ‘ಗೀತಾಂಜಲಿ’ಯ ತುಂಬ ‘ದೌ’ ಇದೆ. 1919ರಲ್ಲಿ ಆಂಧ್ರದ ಮದನಪಲ್ಲಿಯಲ್ಲಿ ತಂಗಿದ್ದಾಗ ಅವರು ‘ಜನಗಣಮನ’ವನ್ನು ಇಂಗ್ಲಿಷಿಗೆ ತಂದರು. ಅದು ಶುರುವಾಗುವುದೂ ‘ದೌ ಆರ್ಟ್’ ಎಂದು.

ಕನ್ನಡಕ್ಕೂ ಒಂದು ನೇರ ಎಳೆ ಇದೆ. ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನಾ ಗೀತೆಯಲ್ಲಿ ಬೆಳಕನ್ನು ಕುರಿತು ‘ಲೀಡ್ ದೌ ಮಿ ಆನ್’ ಎಂಬ ಪಲ್ಲವಿ ಬರುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ಅದನ್ನು ‘ಕರುಣಾಳು ಬಾ ಬೆಳಕೆ, ಮುಸುಕಿದೀ ಮಬ್ಬಿನಲಿ ಕೈಹಿಡಿದು ನಡೆಸೆನ್ನನು’ ಎಂದು ಕನ್ನಡಿಸಿದರು. ಈ ಸಾಲಿನಲ್ಲಿ ‘ನೀನು’ ಎಂಬ ಪದವೇ ಇಲ್ಲ. ‘ಬಾ’, ‘ನಡೆಸು’ ಎಂಬ ಏಕವಚನದ ವಿಧಿರೂಪಗಳಲ್ಲೇ ಇಂಗ್ಲಿಷಿನ ‘ದೌ’ ಪೂರ್ತಿ ಇಳಿದಿದೆ. ‘ಬನ್ನಿ, ನಡೆಸಿರಿ’ ಎಂದು ಓದಿ ನೋಡಿ, ಬೆಳಕು ಒಮ್ಮೆಗೇ ದೂರದ ಅತಿಥಿಯಾಗುತ್ತದೆ.

ಎಡವುವ ಜಾಗಗಳು

‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಎಂಬ ಸಾಲನ್ನು ‘ರೋಮಿಯೋ, ನೀನೆಲ್ಲಿದ್ದೀಯ’ ಎಂದು ಅರ್ಥ ಮಾಡುವವರು ಬಹಳ. ‘ವೇರ್‌ಫೋರ್’ ಎಂದರೆ ‘ಯಾಕೆ’. ಶತ್ರುಗಳ ಮನೆಯ ಈ ಹೆಸರು ನಿನಗೇ ಯಾಕೆ ಇರಬೇಕಿತ್ತು ಎಂಬುದು ಜೂಲಿಯೆಟಳ ಸಂಕಟ.

ಹಳೆಯ ಹೋಟೆಲು, ಅಂಗಡಿಗಳ ಫಲಕದಲ್ಲಿ ಕಾಣುವ ‘ಯೀ ಓಲ್ಡ್’ನಲ್ಲಿನ ‘ಯೀ’ ನಾವು ನೋಡಿದ ಬಹುವಚನದ ‘ಯೀ’ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಥ’, ‘ದ’ ಧ್ವನಿಗೆ ‘ಥಾರ್ನ್’ ಎಂಬ ಬೇರೆಯೇ ಅಕ್ಷರವಿತ್ತು. ಕೈಬರಹದಲ್ಲಿ ಅದು ಸವೆದು ‘ವೈ’ ಅಕ್ಷರದಂತೆ ಕಾಣತೊಡಗಿತು. ಯುರೋಪಿನಿಂದ ಬಂದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲವಾಗಿ ಮುದ್ರಕರು ‘ವೈ’ಯನ್ನೇ ಇಟ್ಟರು. ಅಲ್ಲಿ ಬರೆದಿರುವುದು ನಿಜಕ್ಕೆ ‘ದ’ ಎಂಬ ಉಪಪದ, ಓದಬೇಕಾದದ್ದೂ ಹಾಗೆಯೇ.

‘ಪ್ರಿದೀ’ ಎಂದು ನಾಟಕಗಳಲ್ಲಿ ಬರುವುದು ‘ಪ್ರೇ ದೀ’, ಅಂದರೆ ‘ನಿನ್ನನ್ನು ಬೇಡುತ್ತೇನೆ’ ಎಂಬುದರ ಕುಗ್ಗಿದ ರೂಪ. ತಾನೇ ಮಡಿವಂತ ಎಂದು ಬೀಗುವವರನ್ನು 21ನೇ ಶತಮಾನದ ಇಂಗ್ಲಿಷ್ ಪತ್ರಿಕೆಗಳೂ ‘ಹೋಲಿಯರ್ ದ್ಯಾನ್ ದೌ’ ಎನ್ನುತ್ತವೆ, ಅದು ಬೈಬಲ್ಲಿನ ಯೆಶಾಯನ ಪುಸ್ತಕದಿಂದ ಬಂದದ್ದು.

ಇನ್ನೂ ಆಡುವ ಊರುಗಳು

ಪುಸ್ತಕದಾಚೆಗೂ ಈ ಪದ ಸತ್ತಿಲ್ಲ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಹಿರಿಯರ ಮಾತಿನಲ್ಲಿ ‘ದೌ’ ಹೋಗಿ ‘ದಾ’ ಆಗಿ ಉಳಿದಿದೆ. ನೈಋತ್ಯದ ಡೆವನ್ ಸುತ್ತಮುತ್ತ ‘ದೀ’, ಶೆಟ್‌ಲೆಂಡ್ ದ್ವೀಪಗಳಲ್ಲಿ ‘ದು’. ಶೆಫೀಲ್ಡಿನವರು ‘ದೀ’, ‘ದಾ’ ಎಂಬ ಎರಡನ್ನೂ ‘ಡೀ’, ‘ಡಾ’ ಎಂದು ಗಟ್ಟಿಯಾಗಿ ಉಚ್ಚರಿಸುತ್ತಾರೆಂದು ನೆರೆಯ ಬಾರ್ನ್‌ಸ್ಲಿಯವರು ಅವರಿಗೆ ‘ಡೀಡಾಗಳು’ ಎಂದೇ ಅಡ್ಡಹೆಸರಿಟ್ಟಿದ್ದಾರೆ.

ಅಲ್ಲೆಲ್ಲ ಇದು ದೊರೆ ದೇವರುಗಳ ಪದವಲ್ಲ. ಗಣಿ ಕೆಲಸಗಾರರು, ಗಿರಣಿಯವರು, ರೈತರು ತಮ್ಮ ಓರಗೆಯವರೊಡನೆ ಆಡುವ ಪದ. ಡಿ. ಎಚ್. ಲಾರೆನ್ಸ್ 1913ರ ತನ್ನ ಕಾದಂಬರಿ ‘ಸನ್ಸ್ ಅಂಡ್ ಲವರ್ಸ್’ನಲ್ಲಿ ನಾಟಿಂಗ್‌ಹ್ಯಾಂ ಕಡೆಯ ಕಲ್ಲಿದ್ದಲ ಗಣಿಯ ತಂದೆಯ ಬಾಯಿಗೆ ಇದೇ ಮಾತು ಕೊಟ್ಟ, ಓದಿಕೊಂಡ ತಾಯಿಗೆ ಶಿಷ್ಟ ಇಂಗ್ಲಿಷ್ ಕೊಟ್ಟ. ಗಂಡಹೆಂಡಿರ ನಡುವಿನ ಅಂತರ ಅಲ್ಲೇ ಕೇಳಿಸುತ್ತದೆ.

ಯಾರ್ಕ್‌ಷೈರಿನಲ್ಲಿ ಮಕ್ಕಳು ಹಿರಿಯರಿಗೆ ‘ದಾ’ ಎಂದರೆ ಗದರಿಸಲು ಒಂದು ಮಾತು ಚಾಲ್ತಿಯಲ್ಲಿದೆ: ‘ಡೋಂಟ್ ದೀ ದಾ ಮಿ, ದೀ ದಾ ದಿಸೆನ್.’ ನನ್ನನ್ನು ಏಕವಚನದಲ್ಲಿ ಮಾತಾಡಿಸಬೇಡ, ಬೇಕಿದ್ದರೆ ನಿನಗೆ ನೀನೇ ಹಾಗೆ ಅಂದುಕೋ ಎಂದು ಅದರ ಅರ್ಥ.